ಪ್ರಬಂಧಶೋಧನ: ವಿದ್ಯಾರ್ಥಿಗಳ ಬರೆವಣಿಗೆಯ ಪರಿಷ್ಕಾರವೂ ಸಹಪಾಠಿಗಳ ಪರೀಕ್ಷೆಯೂ

೧

ಕನ್ನಡದಲ್ಲಿ ‘ತಿದ್ದು’ ಎಂಬ ಧಾತುವಿಗೆ ಎರಡು ಬಗೆಯ ಪ್ರಯೋಗವುಂಟು. ಅಕ್ಷರಾಭ್ಯಾಸಕ್ಕೆ ಕುಳಿತ ಮಗುವು ಹಿರಿಯರು ಮರಳಿನಲ್ಲಿ ಬರೆದುಕೊಟ್ಟ ಅಕ್ಷರದ ಮೇಲೆಯೇ ಬೆರಳನ್ನಾಡಿಸುತ್ತ ಮತ್ತೆ ಮತ್ತೆ ಬರೆಯುವುದು ತಿದ್ದುವುದು. ಬರೆದುದರಲ್ಲಿ ತಪ್ಪು ಕಂಡರೆ ಅದನ್ನು ಸರಿಪಡಿಸುವುದೂ ತಿದ್ದುವುದೇ. ಮೊದಲನೆಯ ಅರ್ಥದಲ್ಲಿ ತಿದ್ದುವವನು ಕಲಿಯುವವನು. ಎರಡನೆಯ ಅರ್ಥದಲ್ಲಿ ತಿದ್ದುವವರು ಕಲಿಸುವವರೇ ಎಂದು ನಾವು ಭಾವಿಸಿಕೊಂಡಿದ್ದೇವೆ. ಈ ಭಾವನೆಯು ಸರಿಯಲ್ಲವೆಂದೂ, ಎರಡನೆಯ ಅರ್ಥದಲ್ಲಿಯೂ ತಿದ್ದುವ ಕೈಯು ಬರೆದವನದೇ ಆಗಿರಬೇಕೆಂದೂ, ಆ ಕೈಗೆ ದಾರಿಯನ್ನು ತೋರಿಸುವ ಕಣ್ಣು ಸಹಪಾಠಿಯದಾಗಬಹುದೆಂದೂ ನಿರೂಪಿಸುವುದು ಈ ಲೇಖನದ ಉದ್ದೇಶ.

ಪ್ರಬಂಧರಚನೆಯು ನಮ್ಮ ಪ್ರೌಢಶಾಲೆಗಳಲ್ಲಿಯೂ ಕಾಲೇಜುಗಳಲ್ಲಿಯೂ ಕನ್ನಡದ ಪಾಠಕ್ರಮಕ್ಕೆ ಸೇರಿದೆ. ಸಾಮಾನ್ಯವಾಗಿ ನಡೆಯುವುದು ಹೀಗೆ: ವಿದ್ಯಾರ್ಥಿಯು ಒಂದೇ ಸಲ ಬರೆಯುತ್ತಾನೆ, ಉಪಾಧ್ಯಾಯರು ಒತ್ತಕ್ಷರ, ದೀರ್ಘ, ಅಲ್ಪಪ್ರಾಣ ಮಹಾಪ್ರಾಣ ಮೊದಲಾದ ತಪ್ಪುಗಳಿಗೆ ಕೆಂಪು ಮಸಿಯಿಂದ ಗೆರೆಯೆಳೆದು, ಕೊನೆಯಲ್ಲಿ ಅಂಕವನ್ನು ಹಾಕಿ ಹಿಂದಿರುಗಿಸುತ್ತಾರೆ, ವಿದ್ಯಾರ್ಥಿಯು ಅಂಕವನ್ನು ನೋಡಿಕೊಂಡು ಪುಸ್ತಕವನ್ನು ಮುಚ್ಚುತ್ತಾನೆ. ಅಲ್ಲಿಗೆ ಆ ಬರೆವಣಿಗೆಯ ಆಯುಸ್ಸು ಮುಗಿಯಿತು. ಉಪಾಧ್ಯಾಯರ ಶ್ರಮವಾದರೋ ಅಲ್ಪವಲ್ಲ. ಅರುವತ್ತು ಮಂದಿಯಿರುವ ತರಗತಿಯಲ್ಲಿ ಒಂದು ಪ್ರಬಂಧಕ್ಕೆ ಹತ್ತು ನಿಮಿಷವೆಂದೆಣಿಸಿದರೂ ಒಂದು ಸಲದ ಶೋಧನಕ್ಕೆ ಹತ್ತು ಗಂಟೆಗಳು ಬೇಕು. ಇಷ್ಟು ಶ್ರಮದ ಫಲವು ಅದನ್ನು ಪಡೆಯಬೇಕಾದವನಿಗೆ ಮುಟ್ಟುವುದೇ ಇಲ್ಲ. ಏಕೆಂದರೆ ತಪ್ಪನ್ನು ಹುಡುಕಿದವರೂ ಉಪಾಧ್ಯಾಯರೇ, ಒಪ್ಪನ್ನು ಬರೆದವರೂ ಉಪಾಧ್ಯಾಯರೇ. ವಿದ್ಯಾರ್ಥಿಗೆ ಉಳಿದುದು ಬರಿಯ ಪ್ರೇಕ್ಷಕನ ಸ್ಥಾನ.

೨

ಪುನಃಪರೀಕ್ಷೆಯೆಂಬುದು ಈಚೆಗೆ ಹೊರಗಿನಿಂದ ಬಂದ ಪದ್ಧತಿಯೆಂದು ಕೆಲವರು ತಿಳಿದಿರುವರು. ನಮ್ಮ ಶಾಸ್ತ್ರಕಾರರ ಗ್ರಂಥಗಳನ್ನು ನೋಡಿದರೆ ಈ ತಿಳಿವಳಿಕೆಯು ನಿಲ್ಲಲಾರದು.

ಕನ್ನಡದಲ್ಲಿ ಇಂದು ನಮಗೆ ದೊರೆತಿರುವ ಗ್ರಂಥಗಳಲ್ಲಿ ಎಲ್ಲಕ್ಕಿಂತಲೂ ಹಳೆಯದಾದ ‘ಕವಿರಾಜಮಾರ್ಗ’ದಿಂದಲೇ ಪ್ರಾರಂಭಿಸಬಹುದು. ಒಂಬತ್ತನೆಯ ಶತಮಾನದಲ್ಲಿ ರಾಷ್ಟ್ರಕೂಟ ಚಕ್ರವರ್ತಿಯಾದ ನೃಪತುಂಗನ ಆಸ್ಥಾನದಲ್ಲಿ ಹುಟ್ಟಿ, ೧೮೯೮ರಲ್ಲಿ ಕೆ. ಬಿ. ಪಾಠಕರಿಂದ ಸಂಪಾದಿತವಾಗಿ ಅಚ್ಚಾದ ಈ ಗ್ರಂಥದ ಮೊದಲ ಪರಿಚ್ಛೇದದಲ್ಲಿ ಒಂದು ಮಾತುಂಟು. ಕಣ್ಣು ತನಗೆ ಹಚ್ಚಿದ ಕಾಡಿಗೆಯನ್ನು ತಾನೇ ಕಾಣಲಾರದು. ಹಾಗೆಯೇ ಬರೆದವನು ತನ್ನ ದೋಷವನ್ನು ಕಾಣನು. ಆದುದರಿಂದ ತಾನು ಹೇಳಿದ ಕಬ್ಬವನ್ನು ಜಾಣರಿಂದ ಓದಿಸಬೇಕು ಎಂಬುದು ಅದರ ತಾತ್ಪರ್ಯ. ಇಲ್ಲಿ ಗಮನಿಸತಕ್ಕದ್ದೇನೆಂದರೆ, ಜಾಣರಿಂದ ತಿದ್ದಿಸಬೇಕೆಂದು ಹೇಳಿಲ್ಲ, ಓದಿಸಬೇಕೆಂದು ಹೇಳಿದೆ. ಈ ಭೇದದ ಮೇಲೆಯೇ ನಾನು ಮುಂದೆ ಹೇಳಬೇಕೆಂದಿರುವುದೆಲ್ಲ ನಿಂತಿದೆ. ಅಲ್ಲದೆ, ದೋಷವುಳ್ಳ ರಚನೆಯನ್ನು ಮೊದಲು ಕೊಟ್ಟು, ಅದನ್ನೇ ಮಾರ್ಪಡಿಸಿದ ನಿರ್ದುಷ್ಟ ರಚನೆಯನ್ನು ಅದರ ಬಳಿಯಲ್ಲಿಟ್ಟು ತೋರಿಸುವ ಕ್ರಮವೂ ಈ ಗ್ರಂಥದಲ್ಲಿ ಕಾಣಬರುತ್ತದೆ. ಕರಡನ್ನೂ ಒಪ್ಪವನ್ನೂ ಜೊತೆಯಲ್ಲಿಟ್ಟು ಕಲಿಸುವ ಪಾಠಕ್ರಮಕ್ಕೆ ಇದಕ್ಕಿಂತ ಹಳೆಯ ಕನ್ನಡದ ಮೇಲ್ಪಂಕ್ತಿಯು ನಮಗೆ ಬೇಕಾಗಿಲ್ಲ.

ಸಂಸ್ಕೃತದಲ್ಲಿ ವಾಮನನು ಕಾವ್ಯಕ್ಕೆ ಬೇಕಾದ ಪ್ರಕೀರ್ಣ ಸಾಧನಗಳನ್ನು ಎಣಿಸುವಾಗ ‘ಅವೇಕ್ಷಣ’ವನ್ನೂ ಸೇರಿಸಿರುವನು. ಪದವನ್ನು ಇಟ್ಟು ನೋಡುವುದು, ತೆಗೆದು ನೋಡುವುದು, ಇದೇ ಅವೇಕ್ಷಣ. ಇಟ್ಟ ಪದವು ಬೇರೊಂದಕ್ಕೆ ಎಡೆಗೊಡದಷ್ಟು ನೆಲೆನಿಂತಾಗ ಶಬ್ದವು ಪಾಕಕ್ಕೆ ಬಂದಿತೆಂದು ಅವನ ಮತ.

ಇವರಿಗಿಂತಲೂ ವಿಶದವಾಗಿ ಹೇಳಿದವನು ರಾಜಶೇಖರ. ಕ್ರಿಸ್ತಶಕ ೯೦೦ರ ಸುಮಾರಿನಲ್ಲಿ ಕನೌಜದ ಪ್ರತೀಹಾರ ರಾಜರ ಆಶ್ರಯದಲ್ಲಿದ್ದ ಈತನ ‘ಕಾವ್ಯಮೀಮಾಂಸೆ’ಯು ೧೯೧೬ರಲ್ಲಿ ಬರೋಡೆಯ ಗಾಯಕವಾಡ ಪ್ರಾಚ್ಯ ಗ್ರಂಥಮಾಲೆಯ ಮೊದಲನೆಯ ಪುಸ್ತಕವಾಗಿ ಬೆಳಕಿಗೆ ಬಂದಿತು. ಅದರಲ್ಲಿ ಕವಿಯ ದಿನಚರ್ಯೆಯನ್ನು ಪ್ರಹರಗಳಾಗಿ ವಿಂಗಡಿಸಿದೆ. ಎರಡನೆಯ ಪ್ರಹರದಲ್ಲಿ ರಚನೆ. ಊಟದ ಬಳಿಕ ಗೋಷ್ಠಿ. ನಾಲ್ಕನೆಯ ಪ್ರಹರದಲ್ಲಿ, ಒಬ್ಬನೇ ಆಗಲಿ ಮಿತವಾದ ಕೆಲವರೊಡನೆಯಾಗಲಿ ಕುಳಿತು, ಬೆಳಗಿನಲ್ಲಿ ರಚಿಸಿದುದರ ಪರೀಕ್ಷೆ. ಸಂಧ್ಯೆಯಾದ ಬಳಿಕ, ಪರೀಕ್ಷಿತವಾದುದನ್ನು ಬರೆದಿಡುವುದು. ಪರೀಕ್ಷೆಗೆ ಬೇರೆ ಹೊತ್ತನ್ನು ಏಕೆ ಗೊತ್ತುಮಾಡಬೇಕು? ರಸಾವೇಶದಲ್ಲಿ ರಚಿಸುತ್ತಿರುವವನಿಗೆ ವಿವೇಚಿಸುವ ದೃಷ್ಟಿಯಿರುವುದಿಲ್ಲ ಎಂದು ಅವನೇ ಕಾರಣವನ್ನು ಕೊಡುತ್ತಾನೆ. ಪರೀಕ್ಷೆಯಲ್ಲಿ ಮಾಡತಕ್ಕ ಕಾರ್ಯಗಳು ನಾಲ್ಕು: ಹೆಚ್ಚಾದುದನ್ನು ಬಿಡುವುದು, ಕಡಿಮೆಯಾದುದನ್ನು ತುಂಬುವುದು, ಸ್ಥಾನ ತಪ್ಪಿದುದನ್ನು ಬದಲಾಯಿಸುವುದು, ಮರೆತುದನ್ನು ನೆನಪಿಗೆ ತಂದು ಸೇರಿಸುವುದು. ಸಾವಿರದ ನೂರು ವರ್ಷಗಳ ಹಿಂದಿನ ಈ ನಾಲ್ಕು ಸೂತ್ರಗಳನ್ನು ಹದಿನಾಲ್ಕು ವರ್ಷದ ಬಾಲಕನಿಗೂ ಕಲಿಸಬಹುದು.

೩

ಇನ್ನು ಶೋಧನದ ಕ್ರಮವನ್ನು ವಿಚಾರಿಸೋಣ. ಯಾವುದನ್ನು ಮೊದಲು ನೋಡಬೇಕು, ಯಾವುದನ್ನು ಬಳಿಕ?

ದಂಡಿಯು ‘ಕಾವ್ಯಾದರ್ಶ’ದ ಕೊನೆಯಲ್ಲಿ ಹತ್ತು ದೋಷಗಳನ್ನು ಪರಿಗಣಿಸಿದ್ದಾನೆ. ಅವನ ಅನುಕ್ರಮವನ್ನು ನೋಡಿದರೆ ನಮ್ಮ ಕೆಂಪು ಮಸಿಯ ಅನುಕ್ರಮವು ತಲೆಕೆಳಗಾಗಿರುವುದು ಗೊತ್ತಾಗುತ್ತದೆ. ಮೊದಲನೆಯದು ಅಪಾರ್ಥ, ಎಂದರೆ ಬಿಡಿಯಾಗಿ ಅರ್ಥವುಳ್ಳ ಮಾತುಗಳು ಒಟ್ಟಿನಲ್ಲಿ ಏನನ್ನೂ ಹೇಳದಿರುವುದು, ಎರಡನೆಯದು ವ್ಯರ್ಥ, ಹಿಂದಿನದಕ್ಕೆ ಮುಂದಿನದು ವಿರುದ್ಧವಾಗುವುದು, ಮೂರನೆಯದು ಏಕಾರ್ಥ, ಹೇಳಿದುದನ್ನೇ ವಿಶೇಷವಿಲ್ಲದೆ ಮರಳಿ ಹೇಳುವುದು, ನಾಲ್ಕನೆಯದು ಸಸಂಶಯ, ಐದನೆಯದು ಅಪಕ್ರಮ, ಕ್ರಮತಪ್ಪಿ ಹೇಳುವುದು. ಶಬ್ದಹೀನ, ಎಂದರೆ ವ್ಯಾಕರಣದ ತಪ್ಪು, ಆರನೆಯದು. ಆಮೇಲೆ ಯತಿ, ವೃತ್ತ, ಸಂಧಿಗಳ ದೋಷಗಳು. ಕಟ್ಟಕಡೆಗೆ ದೇಶಕಾಲಾದಿಗಳ ವಿರೋಧ. ಅರ್ಥಕ್ಕೆ ಸಂಬಂಧಿಸಿದ ಐದು ದೋಷಗಳನ್ನು ದಾಟಿದ ಬಳಿಕವೇ ಆಚಾರ್ಯನು ವ್ಯಾಕರಣಕ್ಕೆ ಬರುತ್ತಾನೆ. ನಾವು ಆರನೆಯದರಿಂದ ಪ್ರಾರಂಭಿಸಿ ಅಲ್ಲಿಯೇ ಮುಗಿಸುತ್ತೇವೆ.

ಇದರಿಂದಾಗುವ ಹಾನಿಯು ಎರಡು ಬಗೆ. ಬಿಟ್ಟುಬಿಡಬೇಕಾದ ವಾಕ್ಯದಲ್ಲಿನ ಅಕ್ಷರವನ್ನು ತಿದ್ದುವುದು ಕೆಡವಬೇಕಾದ ಗೋಡೆಗೆ ಸುಣ್ಣ ಬಳಿದಂತೆ, ಶ್ರಮವು ವ್ಯರ್ಥ. ಎರಡನೆಯದು ಇನ್ನೂ ಕೆಟ್ಟುದು: ಅಕ್ಷರದೋಷವಿಲ್ಲದ ಬರೆವಣಿಗೆಯೇ ಒಳ್ಳೆಯ ಬರೆವಣಿಗೆಯೆಂಬ ನಂಬಿಕೆಯು ವಿದ್ಯಾರ್ಥಿಯಲ್ಲಿ ಬೇರೂರುತ್ತದೆ. ಅವನು ತನಗೆ ಗೊತ್ತಿಲ್ಲದ ಮಾತನ್ನು ಬಳಸುವುದಕ್ಕೂ ತಾನು ಕಂಡ ವಿಷಯವನ್ನು ಹೇಳುವುದಕ್ಕೂ ಅಂಜಿ, ಎಲ್ಲರೂ ಒಪ್ಪಿರುವ ಸಪ್ಪೆಯ ವಾಕ್ಯಗಳಲ್ಲಿ ಅವಿತುಕೊಳ್ಳುತ್ತಾನೆ. ಹೀಗೆ ವರ್ಷಗಳು ಕಳೆದರೆ ಭಾಷೆಯು ಶುದ್ಧವಾಗಿ ಉಳಿದೀತು, ಆದರೆ ಹೇಳುವವನು ಇಲ್ಲವಾಗುತ್ತಾನೆ.

ವ್ಯಾಕರಣವನ್ನು ಕಡೆಗಣಿಸಬೇಕೆಂದು ಇದರ ಅರ್ಥವಲ್ಲ. ವ್ಯಾಕರಣದಲ್ಲಿಯೇ ಹದಿನೈದು ವರ್ಷ ಕಳೆದವನು ಹಾಗೆ ಹೇಳುವುದುಂಟೆ? ಅದಕ್ಕೆ ಅದರ ಸರದಿಯು ಬರಬೇಕು ಎಂಬಷ್ಟೇ ನನ್ನ ಮಾತು. ಮೊದಲು ತಾತ್ಪರ್ಯ, ಬಳಿಕ ಕ್ರಮ, ಬಳಿಕ ವಾಕ್ಯ, ಬಳಿಕ ಪದ, ಕೊನೆಗೆ ಅಕ್ಷರ.

೪

ಸಹಪಾಠಿಯು ಈ ಕಾರ್ಯದಲ್ಲಿ ಎಲ್ಲಿ ಸೇರುತ್ತಾನೆ? ವಿದ್ಯೆಯಲ್ಲಿ ಕಾಲುಭಾಗವು ಆಚಾರ್ಯನಿಂದಲೂ, ಕಾಲುಭಾಗವು ಸ್ವಂತ ಬುದ್ಧಿಯಿಂದಲೂ, ಕಾಲುಭಾಗವು ಜೊತೆಯಲ್ಲಿ ಓದುವವರಿಂದಲೂ, ಉಳಿದುದು ಕಾಲಕ್ರಮದಿಂದಲೂ ಬರುವುದೆಂಬ ಮಾತು ಪಾಠಶಾಲೆಗಳಲ್ಲಿ ಪ್ರಸಿದ್ಧವಾದುದು. ಅದು ಬರಿಯ ಮಾತಲ್ಲ. ಗುರುಗಳ ಪಾಠವಾದ ಬಳಿಕ ವಿದ್ಯಾರ್ಥಿಗಳು ಇಬ್ಬಿಬ್ಬರಾಗಿ ಕುಳಿತು ಅದೇ ಪಂಕ್ತಿಗಳನ್ನು ಒಬ್ಬರಿಗೊಬ್ಬರು ವಿವರಿಸುವ ‘ಚಿಂತನೆ’ಯೆಂಬ ಪದ್ಧತಿಯಲ್ಲಿಯೇ ನಾವು ಬೆಳೆದೆವು. ಗುರುಗಳ ಎದುರಿನಲ್ಲಿ ತಿಳಿಯಿತೆಂದು ತಲೆದೂಗಿದ ವಿಷಯವು ತಿಳಿದಿರಲಿಲ್ಲವೆಂಬುದು ಗೆಳೆಯನು ‘ಏಕೆ?’ ಎಂದು ಕೇಳಿದಾಗ ಹೊರಬೀಳುತ್ತಿತ್ತು. ಶಾಸ್ತ್ರಪಾಠದಲ್ಲಿ ಇಷ್ಟು ಫಲಕಾರಿಯಾದ ಈ ಪದ್ಧತಿಯನ್ನು ಪ್ರಬಂಧರಚನೆಗೆ ಅನ್ವಯಿಸಲು ಅಡ್ಡಿಯಿಲ್ಲ.

ಆದರೆ ಓದುವವರೆಲ್ಲ ಒಂದೇ ಬಗೆಯವರಲ್ಲ. ರಾಜಶೇಖರನು ಭಾವಕರನ್ನು ನಾಲ್ಕು ವಿಧವಾಗಿ ವಿಂಗಡಿಸಿದ್ದಾನೆ. ಯಾವುದೂ ರುಚಿಸದವನು ಅರೋಚಕಿ. ಹುಲ್ಲನ್ನೂ ಸೇರಿಸಿ ನುಂಗುವವನಂತೆ ಎಲ್ಲವನ್ನೂ ಮೆಚ್ಚುವವನು ಸತೃಣಾಭ್ಯವಹಾರಿ. ಹೊಟ್ಟೆಕಿಚ್ಚಿನಿಂದ ಗುಣವನ್ನು ಮರೆಮಾಡುವವನು ಮತ್ಸರಿ. ತತ್ತ್ವದಲ್ಲಿಯೇ ಮನಸ್ಸಿಟ್ಟವನು ತತ್ತ್ವಾಭಿನಿವೇಶಿ. ಈ ನಾಲ್ವರನ್ನೂ ಯಾವ ತರಗತಿಯಲ್ಲಿಯಾದರೂ ಕಾಣಬಹುದು. ಗೆಳೆಯನ ಪ್ರಬಂಧವನ್ನು ಕೊಟ್ಟು ‘ಹೇಗಿದೆ, ಹೇಳು’ ಎಂದರೆ, ಕೆಲವರು ‘ಚೆನ್ನಾಗಿದೆ’ ಎಂದು ಹಿಂದಿರುಗಿಸುವರು. ಕೆಲವರು ಗೆರೆಯೆಳೆದು ಹರಿದು ಚಿಂದಿಮಾಡುವರು. ತತ್ತ್ವಾಭಿನಿವೇಶಿಯು ಸಾವಿರಕ್ಕೊಬ್ಬನೆಂದು ರಾಜಶೇಖರನೇ ಹೇಳಿರಲು, ಅವನನ್ನು ಅರುವತ್ತು ಮಂದಿಯಲ್ಲಿ ಹುಡುಕುವುದೆಂತು?

ಹುಡುಕಬೇಕಾಗಿಲ್ಲ, ಪ್ರಶ್ನೆಯನ್ನು ಬದಲಾಯಿಸಿದರೆ ಸಾಕು. ‘ಹೇಗಿದೆ’ ಎಂಬ ಪ್ರಶ್ನೆಯು ತೀರ್ಪನ್ನು ಬೇಡುತ್ತದೆ. ತೀರ್ಪುಕೊಡುವ ಯೋಗ್ಯತೆಯು ಅವನಿಗೆ ಇನ್ನೂ ಬಂದಿಲ್ಲ. ‘ಇದರಿಂದ ನಿನಗೇನು ತಿಳಿಯಿತು?’ ಎಂಬ ಪ್ರಶ್ನೆಯು ಅನುವಾದವನ್ನು ಬೇಡುತ್ತದೆ. ಅದಕ್ಕೆ ಉತ್ತರ ಕೊಡಬಲ್ಲ ಅಧಿಕಾರವು ಓದಬಲ್ಲವನಿಗೆಲ್ಲ ಉಂಟು. ವಾದಮಾಡುವವನು ಪ್ರತಿವಾದಿಯ ಪಕ್ಷವನ್ನು ಮೊದಲು ಅನುವಾದಮಾಡಿ, ಬಳಿಕ ತನ್ನದನ್ನು ಹೇಳಬೇಕೆಂಬ ನಮ್ಮ ವಾಕ್ಯಾರ್ಥಸಭೆಗಳ ನಿಯಮವನ್ನೇ ಇಲ್ಲಿಯೂ ಇಟ್ಟುಕೊಳ್ಳಬೇಕು. ಬರೆದವನು ಓದಿಹೇಳಲಿ, ಕೇಳಿದವನು ಕಾಗದವನ್ನು ನೋಡದೆ ಅದರ ತಾತ್ಪರ್ಯವನ್ನು ಎರಡು ವಾಕ್ಯಗಳಲ್ಲಿ ಹೇಳಲಿ. ಈ ಎರಡು ವಾಕ್ಯಗಳಲ್ಲಿ ಹೊಗಳಿಕೆಗೂ ಎಡೆಯಿಲ್ಲ, ಮತ್ಸರಕ್ಕೂ ಎಡೆಯಿಲ್ಲ.

ತಾತ್ಪರ್ಯನಿರ್ಣಯಕ್ಕೆ ಮೀಮಾಂಸಕರ ಆರು ಲಿಂಗಗಳು ನಮಗೆ ಸಿದ್ಧವಾಗಿವೆ. ಉಪಕ್ರಮವೂ ಉಪಸಂಹಾರವೂ ಒಂದನ್ನೇ ಹೇಳುತ್ತವೆಯೆ? ಯಾವುದನ್ನು ಮತ್ತೆ ಮತ್ತೆ ಹೇಳಿದೆ? ಬೇರೆಲ್ಲಿಯೂ ದೊರೆಯದ ಅಪೂರ್ವವಾದ ವಿಷಯ ಯಾವುದು? ಇದನ್ನು ತಿಳಿಯುವುದರಿಂದ ಫಲವೇನು? ಕೊಂಡಾಟ ನಿಂದೆಗಳು ಯಾವುದಕ್ಕಾಗಿ ಬಂದಿವೆ? ಯುಕ್ತಿಯನ್ನು ಎಲ್ಲಿ ಕೊಟ್ಟಿದೆ? ಈ ಆರು ಪ್ರಶ್ನೆಗಳನ್ನು ಕೈಯಲ್ಲಿ ಹಿಡಿದ ವಿದ್ಯಾರ್ಥಿಯು ಪ್ರಬಂಧವನ್ನು ಸುಮ್ಮನೆ ಓದಲಾರನು.

ವಾಕ್ಯಪರೀಕ್ಷೆಗೆ ಶಾಬ್ದಬೋಧದ ಮೂರು ಕಾರಣಗಳು ಸಾಕು. ಓದುವವನಲ್ಲಿ ಎದ್ದ ಆಕಾಂಕ್ಷೆಯನ್ನು ಮುಂದಿನ ವಾಕ್ಯವು ತೀರಿಸಿತೆ? ಹೇಳಿದುದಕ್ಕೆ ಯೋಗ್ಯತೆಯಿದೆಯೆ, ಎಂದರೆ ಹಾಗಿರಲು ಸಾಧ್ಯವೆ? ಅನ್ವಯವಾಗಬೇಕಾದ ಪದಗಳಿಗೆ ಸನ್ನಿಧಿಯಿದೆಯೆ, ಅಥವಾ ‘ಅದು’ ‘ಅವನು’ ಎಂಬ ಸರ್ವನಾಮಗಳು ತಮ್ಮ ನಾಮಪದವನ್ನು ಹುಡುಕುತ್ತ ಅಲೆಯುತ್ತಿವೆಯೆ?

೫

ಒಂದು ಉದಾಹರಣೆಯಿಂದ ಇದನ್ನು ಸ್ಪಷ್ಟಪಡಿಸಬಹುದು. ಕೆಳಗಣ ಕರಡು ಇದಕ್ಕಾಗಿಯೇ ನಾನು ಕಟ್ಟಿದುದು. ಆದರೆ ಇಂತಹವುಗಳನ್ನು ಪ್ರತಿಯೊಬ್ಬ ಉಪಾಧ್ಯಾಯರೂ ನೋಡಿರುವರು. ವಿಷಯ, ‘ನಮ್ಮೂರಿನ ಕೆರೆ’.

“ನಮ್ಮ ಊರಿನಲ್ಲಿ ಒಂದು ಕೆರೆ ಇದೆ. ಕೆರೆಯು ಬಹಳ ಮುಖ್ಯವಾದುದು. ನೀರು ಎಲ್ಲಾ ಜೀವಿಗಳಿಗೂ ಅವಶ್ಯಕವಾಗಿದೆ. ಹಿಂದೆ ತೂಬಿನಿಂದ ನೀರು ಬಿಡುತ್ತಿದ್ದ ನೀರುಗಂಟಿ ಈಗ ಇಲ್ಲ. ಕಾಲುವೆಯೂ ಹಾಳಾಗಿದೆ. ಅದು ಹೂಳು ತುಂಬಿದೆ. ಆದ್ದರಿಂದ ಎಲ್ಲರೂ ನೀರನ್ನು ಮಿತವಾಗಿ ಬಳಸಬೇಕು.”

ಇದರಲ್ಲಿ ಕೆಂಪು ಮಸಿಗೆ ಹೆಚ್ಚು ಕೆಲಸವಿಲ್ಲ. ಅಕ್ಷರಗಳು ಶುದ್ಧವಾಗಿವೆ, ಇದಕ್ಕೆ ಒಳ್ಳೆಯ ಅಂಕವೇ ಬರುವುದು. ಈಗ ಸಹಪಾಠಿಯು ಮೇಲಣ ಪ್ರಶ್ನೆಗಳನ್ನು ಹಿಡಿದು ಓದಲಿ. ಉಪಕ್ರಮವು ಕೆರೆ, ಉಪಸಂಹಾರವು ನೀರಿನ ಮಿತವ್ಯಯ, ಎರಡಕ್ಕೂ ಹೊಂದಿಕೆಯಿಲ್ಲ. ಎರಡನೆಯ ಮೂರನೆಯ ವಾಕ್ಯಗಳು ಯಾವ ಊರಿನ ಯಾವ ಕೆರೆಗಾದರೂ ಸಲ್ಲುವಂಥವು. ಅಪೂರ್ವವಾದ ಮಾತು ಒಂದೇ, ನೀರುಗಂಟಿಯದು. ಅದನ್ನು ಕೇಳಿದೊಡನೆ ‘ಅವನು ಏನು ಮಾಡುತ್ತಿದ್ದನು? ಅವನಿಲ್ಲದೆ ಏನಾಯಿತು?’ ಎಂಬ ಆಕಾಂಕ್ಷೆಯು ಏಳುತ್ತದೆ, ಅದನ್ನು ತೀರಿಸಿಲ್ಲ. ‘ಅದು’ ಎಂದರೆ ಕೆರೆಯೋ ಕಾಲುವೆಯೋ ತಿಳಿಯದು. ‘ಆದ್ದರಿಂದ’ ಎಂಬ ಮಾತಿಗೆ ಹಿಂದೆ ಹೇತುವಿಲ್ಲ. ಇಷ್ಟನ್ನು ಸಹಪಾಠಿಯು ಪ್ರಶ್ನೆಗಳ ರೂಪದಲ್ಲಿ ಅಂಚಿನಲ್ಲಿ ಬರೆದುಕೊಟ್ಟರೆ ಅವನ ಕರ್ತವ್ಯವು ಮುಗಿಯಿತು. ಬರೆದವನು ರಾಜಶೇಖರನ ನಾಲ್ಕು ಕಾರ್ಯಗಳನ್ನು ಮಾಡಿ ಹೀಗೆ ಬರೆಯಬಹುದು:

“ನಮ್ಮ ಊರಿನ ಕೆರೆಯ ತೂಬನ್ನು ತೆಗೆದು ಮುಚ್ಚಲು ಹಿಂದೆ ಒಬ್ಬ ನೀರುಗಂಟಿಯಿದ್ದನು. ಯಾವ ಗದ್ದೆಗೆ ಎಷ್ಟು ಹೊತ್ತು ನೀರು ಹರಿಯಬೇಕೆಂಬುದು ಅವನಿಗೆ ಗೊತ್ತಿತ್ತು. ಅವನ ಬಳಿಕ ಆ ಕೆಲಸಕ್ಕೆ ಯಾರೂ ಬರಲಿಲ್ಲ. ಕಾಲುವೆಯನ್ನು ಕೇಳುವವರಿಲ್ಲದಾಯಿತು, ಕೆರೆಯಲ್ಲಿ ಹೂಳು ತುಂಬಿತು. ಮಳೆ ಮೊದಲಿನಂತೆಯೇ ಬರುತ್ತಿದೆ. ಕೆರೆಯನ್ನು ನೋಡಿಕೊಳ್ಳುವ ಮನುಷ್ಯನು ಮಾತ್ರ ಇಲ್ಲ.”

ಹೆಚ್ಚಾಗಿದ್ದ ಮೂರು ವಾಕ್ಯಗಳು ಹೋದವು; ಕೊರತೆಯು ತುಂಬಿತು; ನಡುವೆ ಅಡಗಿದ್ದ ನೀರುಗಂಟಿಯು ಮೊದಲಿಗೆ ಬಂದನು; ಮರೆತಿದ್ದ ಮಳೆಯ ಮಾತು ಸೇರಿತು. ಎಲ್ಲಕ್ಕಿಂತ ಮುಖ್ಯವಾಗಿ, ಹುಡುಗನಿಗೆ ಮೊದಲೇ ತಿಳಿದಿದ್ದು, ಹೇಳಬೇಕೆಂದು ತೋರದಿದ್ದ ವಿಷಯವು ಹೊರಕ್ಕೆ ಬಂದಿತು. ಕೆಂಪು ಗೆರೆಯು ಎಷ್ಟೇ ದಟ್ಟವಾಗಿದ್ದರೂ ಇದನ್ನು ಹೊರಡಿಸಲಾರದು, ‘ಅವನಿಲ್ಲದೆ ಏನಾಯಿತು?’ ಎಂಬ ಗೆಳೆಯನ ಪ್ರಶ್ನೆಯು ಹೊರಡಿಸಿತು.

೬

ಇದನ್ನು ಅನುಷ್ಠಾನಕ್ಕೆ ತರುವ ಕ್ರಮವನ್ನು ಸಂಗ್ರಹವಾಗಿ ಹೇಳುತ್ತೇನೆ. ಕರಡನ್ನು ಬರೆದ ದಿನವೇ ಪರೀಕ್ಷಿಸಕೂಡದು. ಒಂದು ರಾತ್ರಿಯಾದರೂ ಕಳೆಯಲಿ. ಮರುದಿನ ಇಬ್ಬಿಬ್ಬರು ಕುಳಿತು ಒಬ್ಬನು ಓದಲಿ, ಮತ್ತೊಬ್ಬನು ಅನುವಾದ ಮಾಡಲಿ. ಬಳಿಕ ಕಾಗದವನ್ನು ಬದಲಾಯಿಸಿಕೊಂಡು ಅಂಚಿನಲ್ಲಿ ಸೀಸದ ಕಡ್ಡಿಯಿಂದ ಪ್ರಶ್ನೆಗಳನ್ನು ಮಾತ್ರ ಬರೆಯಲಿ; ಗೆಳೆಯನ ವಾಕ್ಯವನ್ನು ತಾನು ಬರೆದುಕೊಡಕೂಡದು. ಬಿಟ್ಟುಹೋದ ಕಡೆಯಲ್ಲಿ ಹಂಸಪಾದವನ್ನು ಹಾಕಬಹುದು. ಅಲ್ಲಿ ಏನು ಬರಬೇಕೆಂಬುದನ್ನು ಬರೆದವನೇ ನಿಶ್ಚಯಿಸಲಿ. ಎರಡನೆಯ ಪ್ರತಿಯು ಸಿದ್ಧವಾದ ಮೇಲೆಯೇ ಅಕ್ಷರಶೋಧನಕ್ಕಾಗಿ ಮತ್ತೊಮ್ಮೆ ಬದಲಾಯಿಸಿಕೊಳ್ಳಲಿ. ಉಪಾಧ್ಯಾಯರು ಕರಡು, ಪ್ರಶ್ನೆಗಳು, ಒಪ್ಪಪ್ರತಿ ಮೂರನ್ನೂ ಒಟ್ಟಿಗೆ ನೋಡಿ, ಬರೆದವನಿಗೆ ಮಾತ್ರವಲ್ಲದೆ ಒಳ್ಳೆಯ ಪ್ರಶ್ನೆ ಕೇಳಿದವನಿಗೂ ಅಂಕವನ್ನು ಕೊಡಲಿ.

ಇದಕ್ಕೆ ಆಕ್ಷೇಪಗಳುಂಟು. ಕುರುಡನು ಕುರುಡನಿಗೆ ದಾರಿ ತೋರಿಸಿದಂತಾಗುವುದಿಲ್ಲವೆ? ಎಂದರೆ, ಆಗುವುದಿಲ್ಲ. ವ್ಯಾಕರಣವನ್ನು ತಿಳಿಯದವನು ವ್ಯಾಕರಣವನ್ನು ತಿದ್ದಿದರೆ ಆ ನ್ಯಾಯವು ಸಲ್ಲುತ್ತದೆ. ‘ನನಗೆ ಇಲ್ಲಿ ತಿಳಿಯಲಿಲ್ಲ’ ಎಂದು ಹೇಳುವುದಕ್ಕೆ ಪಾಂಡಿತ್ಯವು ಬೇಡ. ತಿಳಿಯಲಿಲ್ಲವೆಂಬುದು ಅವನಿಗೆ ಪ್ರತ್ಯಕ್ಷ. ಪಂಡಿತನು ಕೊರತೆಯನ್ನು ತನ್ನ ತಿಳಿವಳಿಕೆಯಿಂದ ತುಂಬಿಕೊಂಡು ಓದಿಬಿಡುವುದರಿಂದ, ಕೆಲವು ವೇಳೆ ಸಹಪಾಠಿಯೇ ಹೆಚ್ಚು ಪ್ರಾಮಾಣಿಕನಾದ ಸಾಕ್ಷಿ.

ಪ್ರಬಂಧವು ಬರೆದವನದಾಗಿ ಉಳಿಯುವುದೆ? ಲೇಖನಿಯು ಅವನ ಕೈಯಲ್ಲಿಯೇ ಇರುವವರೆಗೆ ಉಳಿಯುವುದು. ಪ್ರಶ್ನೆಯನ್ನು ಒಪ್ಪದಿರುವ ಸ್ವಾತಂತ್ರ್ಯವೂ ಅವನಿಗಿರಬೇಕು. ದಂಡಿಯು ಹಲವು ದೋಷಗಳನ್ನು ಹೇಳುವಾಗ ಅವು ದೋಷವಾಗದಿರುವ ಸಂದರ್ಭಗಳನ್ನೂ ಹೇಳಿದ್ದಾನೆ; ಮರುಕದಿಂದ ಮಾತನಾಡುವವನಿಗೆ ಪುನರುಕ್ತಿಯು ದೋಷವಲ್ಲ. ‘ಇದನ್ನು ಬೇಕೆಂದೇ ಹೀಗೆ ಬರೆದೆನು’ ಎಂದು ಕಾರಣಕೊಟ್ಟು ಹೇಳಬಲ್ಲ ವಿದ್ಯಾರ್ಥಿಯು, ಹೇಳಿದುದನ್ನೆಲ್ಲ ಒಪ್ಪಿಕೊಂಡವನಿಗಿಂತ ಮೇಲು.

ಕಾಲವೆಲ್ಲಿದೆ? ಎಂಬುದು ಕೊನೆಯ ಆಕ್ಷೇಪ. ನಿಜವಾದ ಆಕ್ಷೇಪವೂ ಇದೇ. ವರ್ಷಕ್ಕೆ ಹನ್ನೆರಡು ಪ್ರಬಂಧಗಳನ್ನು ಒಂದೊಂದು ಸಲ ಬರೆಯಿಸುವ ಕಡೆಯಲ್ಲಿ ಆರನ್ನು ಎರಡೆರಡು ಸಲ ಬರೆಯಿಸಬೇಕೆಂಬುದೇ ಇದಕ್ಕೆ ನನ್ನ ಉತ್ತರ. ಪಟ್ಟಿಯು ಅರ್ಧಕ್ಕಿಳಿಯುವುದನ್ನು ಕಂಡು ಮೇಲಿನವರು ಪ್ರಶ್ನಿಸಬಹುದು. ಕರಡನ್ನೂ ಒಪ್ಪಪ್ರತಿಯನ್ನೂ ಜೊತೆಯಲ್ಲಿಟ್ಟು ತೋರಿಸಿದರೆ ಅದೇ ಸಮಾಧಾನವಾದೀತು. ಕಾಗುಣಿತದ ತಪ್ಪನ್ನು ಗಣಕಯಂತ್ರವೇ ಎತ್ತಿತೋರಿಸುವ ಈ ಕಾಲದಲ್ಲಿ, ಉಪಾಧ್ಯಾಯರ ಹತ್ತು ಗಂಟೆಗಳನ್ನು ಅದಕ್ಕೇ ಮೀಸಲಿಡುವುದು ಯುಕ್ತವಲ್ಲ. ಬರೆದವನಿಗೆ ತನ್ನ ಬರೆವಣಿಗೆಯನ್ನು ಪರರ ಕಣ್ಣಿನಿಂದ ನೋಡುವ ಶಕ್ತಿಯು ಒಮ್ಮೆ ಬಂದರೆ, ಶಾಲೆಯನ್ನು ಬಿಟ್ಟ ಮೇಲೆಯೂ ಅದು ಅವನೊಡನಿರುತ್ತದೆ. ಅರ್ಜಿಯನ್ನು ಬರೆಯುವಾಗಲೂ ಗ್ರಂಥವನ್ನು ಬರೆಯುವಾಗಲೂ ಉಪಕರಿಸುತ್ತದೆ.

ಓಲೆಯ ಪ್ರತಿಗಳನ್ನು ಬರೆದ ಲಿಪಿಕಾರರು ಕೊನೆಯಲ್ಲಿ, ತಪ್ಪಿದ್ದರೆ ಬಲ್ಲವರು ತಿದ್ದಿಕೊಂಡು ಓದಬೇಕೆಂದು ಬೇಡಿಕೊಳ್ಳುತ್ತಿದ್ದರು. ಈ ಲೇಖನವನ್ನು ಓದುವ ಉಪಾಧ್ಯಾಯರಲ್ಲಿ ನನ್ನ ಪ್ರಾರ್ಥನೆಯೂ ಅದೇ. ಇಲ್ಲಿ ಹೇಳಿದ ಕ್ರಮವನ್ನು ಒಂದು ವರ್ಷ ತಮ್ಮ ತರಗತಿಯಲ್ಲಿ ನಡೆಸಿನೋಡಿ, ಹೆಚ್ಚಾದುದನ್ನು ಬಿಟ್ಟು, ಕಡಿಮೆಯಾದುದನ್ನು ತುಂಬಿ, ತಮ್ಮ ಅನುಭವವನ್ನು ಈ ಪತ್ರಿಕೆಗೆ ಬರೆದು ತಿಳಿಸಬೇಕೆಂದು ಕೋರುತ್ತೇನೆ.